ಒಂಬತ್ತನೇ ಸ್ಟೇಷನ್ನಿನ ಹಳದಿ ಹಗ್ಗ

ನನಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರಕ್ಕೆಲ್ಲ ಗೊತ್ತು. ಸುಳ್ಳೇನಲ್ಲ. ಆದರೆ ಸಿಡುಕಿಯ ಕೈಕೆಲಸ ಚೊಕ್ಕವಾಗಿರುತ್ತದೆ ಎಂಬುದೂ ಸುಳ್ಳಲ್ಲ. ಇದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೆ ನಾನೇ ಹೇಳಿಕೊಳ್ಳುತ್ತೇನೆ. ಹೆಸರು ಭಾಗ್ಯಮ್ಮ. ಹತ್ತೊಂಬತ್ತು ವರ್ಷ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚಿದವಳು. ಈಗ ಮೂರು ವರ್ಷದಿಂದ ಬಾಶೆಟ್ಟಿಹಳ್ಳಿಯಲ್ಲಿ ಕರೆಂಟಿನ ಕಾರು ಮಾಡುತ್ತಿದ್ದೇನೆ.

ಕಾರು ಮಾಡುತ್ತೇನೆ ಎಂದರೆ ಪೂರ್ತಿ ಕಾರಲ್ಲ ಬಿಡಿ. ನಮ್ಮ ಲೈನಿನಲ್ಲಿ ಹದಿನಾಲ್ಕು ಸ್ಟೇಷನ್, ಒಂದೊಂದರಲ್ಲಿ ಒಂದೊಂದು ಕೆಲಸ. ಒಂಬತ್ತನೆಯದು ನಮ್ಮದು. ಅಲ್ಲಿಗೆ ಬ್ಯಾಟರಿ ತುಂಬಿದ ಪೆಟ್ಟಿಗೆ ಬರುತ್ತದೆ, ಒಂದು ಮಂಚದಷ್ಟು ದೊಡ್ಡದು. ಅದರ ಅಂಚಿನ ಸುತ್ತ ಬೆರಳು ಹಿಡಿಸುವಷ್ಟು ಒಂದು ತೋಡು ಇದೆ. ನಾವು ಹೆಂಗಸರು ಅದಕ್ಕೆ ಕಾಲುವೆ ಎನ್ನುತ್ತೇವೆ. ಆ ಕಾಲುವೆಗೆ ಅಂಟು ಹಚ್ಚಿ, ಅದರೊಳಗೆ ಅಳತೆಗೆ ಕತ್ತರಿಸಿ ಬರುವ ರಬ್ಬರಿನ ದಾರವನ್ನು ಸುತ್ತಲೂ ಕೂರಿಸಿ, ಎರಡು ತುದಿಗಳನ್ನು ಒಂದು ಮೂಲೆಯಲ್ಲಿ ಕೂದಲೆಳೆ ಸಂದಿಲ್ಲದಂತೆ ಸೇರಿಸಬೇಕು. ಆಮೇಲೆ ಪೆಟ್ಟಿಗೆ ಹತ್ತನೇ ಸ್ಟೇಷನ್ನಿಗೆ ಹೋಗುತ್ತದೆ. ಅಲ್ಲಿ ಮಂಜೇಶ ಎಂಬ ಹುಡುಗ ಮುಚ್ಚಳ ಇಟ್ಟು ಬೋಲ್ಟು ಬಿಗಿಯುತ್ತಾನೆ. ಮಳೆಯ ನೀರು ಒಂದು ಹನಿ ಒಳಗೆ ಹೋಗಬಾರದು. ಹೋದರೆ ಕಾರು ಕೆಟ್ಟಿತೆಂದೇ ಲೆಕ್ಕ.

ತಲೆಯ ಮೇಲೆ, ಲೈನಿನ ಉದ್ದಕ್ಕೂ, ಒಂದು ಹಳದಿ ಹಗ್ಗ ತೂಗುತ್ತದೆ. ಏನಾದರೂ ಸರಿಯಿಲ್ಲ ಅನ್ನಿಸಿದರೆ ಅದನ್ನು ಎಳೆಯಬೇಕು. ಎಳೆದ ತಕ್ಷಣ ಇಡೀ ಲೈನು ನಿಲ್ಲುತ್ತದೆ, ಎಳೆದ ಸ್ಟೇಷನ್ನಿನ ರಾಗ ಮೊಳಗುತ್ತದೆ, ಇಂಜಿನಿಯರು ಓಡಿ ಬರುತ್ತಾರೆ. ಯಾವ ಕಡೆ ಓಡಬೇಕೆಂದು ತಿಳಿಯಲು ಒಂದೊಂದು ಸ್ಟೇಷನ್ನಿಗೂ ಬೇರೆ ಬೇರೆ ರಾಗ. ಹತ್ತನೆಯದಕ್ಕೆ ಐಸ್ ಕ್ಯಾಂಡಿ ಗಾಡಿಯ ಹಾಗಿನ ರಾಗ, ನಾಲ್ಕನೆಯದಕ್ಕೆ ರೈಲ್ವೆ ಸ್ಟೇಷನ್ನಿನ ಹಾಗಿನದು. ನಮ್ಮ ಒಂಬತ್ತನೆಯದರ ರಾಗ ಹೇಗಿದೆ ಎಂದು ಮಾತ್ರ ಫ್ಯಾಕ್ಟರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾವು ಒಮ್ಮೆಯೂ ಎಳೆದಿರಲಿಲ್ಲ.

ಒಂಬತ್ತರಲ್ಲಿ ನಾವು ನಾಲ್ವರು ಹೆಂಗಸರು, ನಾಲ್ವರೂ ವಿಜಯಪುರದ ನೂಲು ಬಿಚ್ಚುವ ಶೆಡ್ಡುಗಳಲ್ಲಿ ಬೆಂದವರು. ಅಲ್ಲಿ ರಾಟೆ ನಿಲ್ಲಿಸುವ ಮಾತೇ ಇಲ್ಲ. ನಿಲ್ಲಿಸಿದರೆ ಬಿಸಿನೀರಿನಲ್ಲಿರುವ ಗೂಡು ಬೆಂದು ಗೊಜ್ಜಾಗುತ್ತದೆ. ಎಳೆ ಕಿತ್ತು ಹೋಯಿತೇ? ಓಡುವ ರಾಟೆಯಲ್ಲೇ ಇನ್ನೊಂದು ಎಳೆ ಹಿಡಿದು ಸೇರಿಸು. ಸಾಲದೇ ಬಂತೇ? ಎಳೆದು ಸುಧಾರಿಸು. ನನಗೆ ಇದನ್ನು ಕಲಿಸಿದವರು ನಮ್ಮತ್ತೆ ಸೊಣ್ಣಮ್ಮ. ಕಲಿಸುವಾಗ ಅವರ ಕೈಯಲ್ಲಿ ಗೂಡು ತಿರುವುವ ಜಾಲರಿ ಸೌಟು ಇರುತ್ತಿತ್ತು. ನಾನು ಒಮ್ಮೆ ರಾಟೆ ನಿಲ್ಲಿಸಿದ್ದಕ್ಕೆ ಅದರಿಂದಲೇ ಬೆರಳ ಗೆಣ್ಣಿನ ಮೇಲೆ ಒಂದು ಕೊಟ್ಟಿದ್ದರು.

"ರಾಟೆ ನಿಂತ್ರೆ ಮನೆ ನಿಂತಂಗೆ ಕಣೇ" ಎಂದಿದ್ದರು. ಆ ಗೆಣ್ಣು ಚಳಿಗಾಲದಲ್ಲಿ ಈಗಲೂ ನೋಯುತ್ತದೆ.

ಹೀಗಿರುವಾಗ ನಮ್ಮ ಮ್ಯಾನೇಜರ್ ಚಲಪತಿ ಸಾಹೇಬರು ಒಂದು ಯೋಜನೆ ಹಾಕಿದರು. ಅವರು ಹೊಸಕೋಟೆಯ ಆಚೆಯವರು, ಬಾಯಿ ತೆರೆದರೆ ಅರ್ಧ ತೆಲುಗು. ಪ್ರತಿ ಸ್ಟೇಷನ್ನಿಗೂ ಒಂದು ಬೋರ್ಡು ತೂಗು ಹಾಕಿಸಿದರು. ಎಷ್ಟು ದಿನದಿಂದ ಆ ಸ್ಟೇಷನ್ ಲೈನು ನಿಲ್ಲಿಸಿಲ್ಲ ಎಂಬ ಅಂಕಿ ಅದರ ಮೇಲೆ. ನೂರು ದಿನ ಮುಟ್ಟಿದ ಸ್ಟೇಷನ್ನಿನ ಮುಖ್ಯಸ್ಥರಿಗೆ, ಹೊಸದಾಗಿ ಶುರುವಾಗುವ ಎರಡನೇ ಲೈನಿನ ಲೀಡರ್ ಹುದ್ದೆ. ಲೀಡರಿಗೆ ನೀಲಿ ಟೋಪಿ. ನಮಗೆಲ್ಲ ಬಿಳಿ ಟೋಪಿ.

ಒಂಬತ್ತಕ್ಕೆ ಹೆಸರಿಗೆ ಮುಖ್ಯಸ್ಥೆ ನಾನೇ, ಆ ನೀಲಿ ಟೋಪಿ ನನಗೆ ಬೇಕಿತ್ತು. ಇದರಲ್ಲಿ ಮುಚ್ಚುಮರೆ ಏನಿಲ್ಲ. ನಲವತ್ತಾರು ವರ್ಷ ಯಾರೋ ಹೇಳಿದಂತೆ ಮಾಡಿದ್ದೇನೆ, ಮೊದಲು ಅಪ್ಪ, ಆಮೇಲೆ ಅತ್ತೆ, ಆಮೇಲೆ ಶೆಡ್ಡಿನ ಮಾಲೀಕ. ನಾನು ಹೇಳಿದಂತೆ ನಾಲ್ಕು ಜನ ಮಾಡುವುದನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ನಮ್ಮ ಬೋರ್ಡು ಎಂಬತ್ತು ದಾಟಿತು, ತೊಂಬತ್ತು ದಾಟಿತು. ನಮ್ಮ ಹಿಂದೆ ಇದ್ದವನು ನಾಲ್ಕನೇ ಸ್ಟೇಷನ್ನಿನ ಅಂಬರೀಶ್, ಅವನದು ಬರೀ ನಲವತ್ತು. ಟೋಪಿ ನನ್ನದೇ ಎಂದು ಕ್ಯಾಂಟೀನಿನವರೂ ಹೇಳುತ್ತಿದ್ದರು.

ಅಷ್ಟರಲ್ಲಿ ಸೋರುವ ರೋಗ ಶುರುವಾಯಿತು.

ವಿಮಾನ ನಿಲ್ದಾಣಕ್ಕೆ ಓಡಿಸಲು ಆರುನೂರು ಟ್ಯಾಕ್ಸಿ ಬೇಕೆಂದು ಒಬ್ಬ ದೊಡ್ಡ ಗಿರಾಕಿ ಕೇಳಿದ್ದ. ಆಯುಧ ಪೂಜೆಯೊಳಗೆ ಎಲ್ಲವನ್ನೂ ಕೊಡಬೇಕು. ಕೊಡದಿದ್ದರೆ ಎರಡನೇ ಲೈನು ಇಲ್ಲ. ನಾವು ದಿನಕ್ಕೆ ಹನ್ನೆರಡು ಕಾರು ಇಳಿಸುತ್ತಿದ್ದೆವು. ಸಂಜೆ ಪ್ರತಿ ಪೆಟ್ಟಿಗೆಗೂ ಗಾಳಿ ತುಂಬಿ ಸೋರುತ್ತದೆಯೇ ಎಂದು ಪರೀಕ್ಷೆ. ಹನ್ನೆರಡೂ ಪಾಸು. ಕಳಿಸುವ ಮುನ್ನ ಬೆಳಿಗ್ಗೆ ಇನ್ನೊಂದು ಪರೀಕ್ಷೆ. ಅದರಲ್ಲಿ ಒಂದು ದಿನ ಎರಡು ಫೇಲು, ಒಂದು ದಿನ ಮೂರು. ಸಂಜೆ ಗಟ್ಟಿಯಾಗಿದ್ದ ಪೆಟ್ಟಿಗೆ ಬೆಳಗಾಗುವಷ್ಟರಲ್ಲಿ ಸೋರುವುದೆಂದರೇನು! ಕಾರನ್ನು ಮತ್ತೆ ಎತ್ತಿ, ಪೆಟ್ಟಿಗೆ ಇಳಿಸಿ, ಮುಚ್ಚಳ ಬಿಚ್ಚಬೇಕು. ಬಿಚ್ಚುವಾಗ ಅಂಟಿದ ರಬ್ಬರು ಚಿಂದಿಯಾಗಿ ಮುಚ್ಚಳದ ಜೊತೆಗೇ ಕಿತ್ತು ಬರುತ್ತಿತ್ತು. ಎಲ್ಲಿ ಸೋರಿತು ಎಂದು ನೋಡಲು ಏನೂ ಉಳಿಯುತ್ತಿರಲಿಲ್ಲ.

ಆರು ವಾರ ಹೀಗೇ ನಡೆಯಿತು. ಉತ್ಪಾದನೆಯ ಇಂಜಿನಿಯರ್ ಸಿಂಧು ನೆಲಮಂಗಲದ ಹುಡುಗಿ, ಇಪ್ಪತ್ತಾರು ವಯಸ್ಸು. ಆರು ವಾರದಲ್ಲಿ ಆಕೆಯ ಕಣ್ಣ ಸುತ್ತ ಕಪ್ಪು ಬಂತು. ಅಂಟು ಬದಲಾಯಿಸಿದಳು, ಮುಚ್ಚಳ ಅಳೆದಳು, ಪರೀಕ್ಷೆಯ ಯಂತ್ರವನ್ನೇ ಪರೀಕ್ಷೆ ಮಾಡಿಸಿದಳು. ಕೊನೆಗೆ ಎಲ್ಲರೂ ಕೂಡಿ ತೀರ್ಮಾನಿಸಿದ್ದೇನೆಂದರೆ, ರಾತ್ರಿಯ ಹೊತ್ತು ಬೋಲ್ಟು ಸಡಿಲವಾಗುತ್ತಿದೆ. ಬೋಲ್ಟು ಬಿಗಿಯುವವನು ಯಾರು? ಮಂಜೇಶ. ನಮ್ಮ ಸ್ಟೇಷನ್ನಿನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ತೊಂಬತ್ತು ದಿನ ನಿಲ್ಲದ ಸ್ಟೇಷನ್ನಿನಲ್ಲಿ ಏನು ತಪ್ಪಿರಲು ಸಾಧ್ಯ?

ಮಂಜೇಶ ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವನು. ಅವರ ಮನೆಯ ಹಿಂದೆ ಎರಡು ಚಕ್ಕೋತದ ಮರ ಇವೆ. ಕಾಯಿ ಬಿಟ್ಟಾಗೆಲ್ಲ ತಂದು, ಸುಲಿದು, ಉಪ್ಪುಕಾರ ಹಾಕಿ ನಮಗೆಲ್ಲ ಹಂಚುತ್ತಿದ್ದ. ಅವನ ಒಪ್ಪಂದ ತಿಂಗಳ ಕೊನೆಗೆ ಮುಗಿಯುವುದಿತ್ತು. ಈ ಸಲ ಮುಂದುವರಿಸುವುದಿಲ್ಲ ಎಂದು ಚಲಪತಿ ಸಾಹೇಬರು ಹೇಳಿಬಿಟ್ಟರು.

ಆಗ ನಾನು ಏನು ಮಾಡಿದೆ ಗೊತ್ತೇ? ಸಮಾಧಾನ ಹೇಳಲಿಲ್ಲ. ಊಟದ ಹೊತ್ತಿನಲ್ಲಿ ಹೋಗಿ ನಾಲ್ಕು ಜನರ ಮುಂದೆ ಉಗಿದೆ.

"ಲೇ ಮಂಜೇಶ, ಬಿಗಿಯೋಕೆ ಬರಲ್ಲ ಅಂದ್ರೆ ಹೇಳ್ಬಿಡೋ. ನಿನ್ ಸಡಿಲ ಕೈಯಿಂದ ನಮ್ಮ್ ಲೈನೇ ಮುಚ್ಕೊಂಡ್ ಹೋಗ್ತದೆ."

ಅವನು ಚಕ್ಕೋತದ ತೊಳೆಯನ್ನು ಕೈಯಲ್ಲೇ ಹಿಡಿದು ಕುಳಿತಿದ್ದ. "ಅಕ್ಕಾ, ಮಿಷಿನ್ನು ಟಕ್ ಅನ್ನೋವರ್ಗೂ ಬಿಗೀತೀನಿ. ಒಂದೂ ಬಿಟ್ಟಿಲ್ಲ. ನನ್ ಮಾತು ಯಾರೂ ನಂಬಲ್ಲ" ಎಂದ. "ಹತ್ತು ಸಲ ಹಗ್ಗ ಎಳ್ದು ಕೇಳ್ದೆ, ನೋಡಿ ಸಾರ್ ಸರಿಯಾಗಿದ್ಯಾ ಅಂತ. ಅದ್ಕೇ ಇವ್ನು ದಡ್ಡ ಅಂದ್ಬಿಟ್ರು."

"ದಡ್ಡನೇ ಮತ್ತೆ" ಎಂದು ಹೇಳಿ ಎದ್ದು ಬಂದೆ. ಆದರೂ ಅವನು ಕೊಟ್ಟ ತೊಳೆ ತಿಂದಿದ್ದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ತೊಂಬತ್ತೇಳನೇ ದಿನ ಶನಿವಾರ. ಮಧ್ಯಾಹ್ನ ಮೂರಕ್ಕೆ ಮುಚ್ಚಳಗಳು ಮುಗಿದುಹೋದವು. ಹೊಸ ಮುಚ್ಚಳ ತರುತ್ತಿದ್ದ ಲಾರಿ ದಾಬಸ್‌ಪೇಟೆಯ ಹತ್ತಿರ ಕೆಟ್ಟು ನಿಂತಿದೆ ಎಂದು ಸುದ್ದಿ ಬಂತು. ನಾನು ಅಷ್ಟರಲ್ಲಿ ಒಂದು ಪೆಟ್ಟಿಗೆಗೆ ದಾರ ಕೂರಿಸಿ ತುದಿ ಸೇರಿಸಿ ಮುಗಿಸಿದ್ದೆ. ಮುಚ್ಚಳವಿಲ್ಲದೆ ಅದು ಹಾಗೇ ಉಳಿಯಿತು. ಮೇಲೆ ಒಂದು ಪ್ಲಾಸ್ಟಿಕ್ ಹೊದಿಸಿ ಮನೆಗೆ ಹೋದೆವು. ಭಾನುವಾರ ರಜೆ. ಅತ್ತೆಯ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದೆ, ಬಸ್ಸಾರು ಮಾಡಿದೆ. ಇನ್ನು ಮೂರೇ ದಿನ ಎಂದು ಅತ್ತೆಗೆ ಹೇಳಿದೆ.

"ಟೋಪಿ ಹಾಕ್ಕೊಂಡು ಸಾರಿಗೆ ಉಪ್ಪು ಹಾಕೋದ್ ಮರೀಬೇಡ" ಎಂದರು ಸೊಣ್ಣಮ್ಮ. ಅವರ ಬಾಯಿಂದ ಹೊಗಳಿಕೆ ಬರುವುದಿಲ್ಲ. ಎಪ್ಪತ್ತೆಂಟು ವರ್ಷದಲ್ಲಿ ಬಂದಿಲ್ಲ.

ಸೋಮವಾರ ಬೆಳಿಗ್ಗೆ ಕಂಪನಿಯ ಬಸ್ಸು ಹತ್ತು ನಿಮಿಷ ಮುಂಚೆಯೇ ತಲುಪಿತು. ಲೈನು ಶುರುವಾಗುವ ಮೊದಲು ಒಮ್ಮೆ ನೋಡೋಣವೆಂದು ಪೆಟ್ಟಿಗೆಯ ಮೇಲಿನ ಪ್ಲಾಸ್ಟಿಕ್ ತೆಗೆದೆ. ಮೂಲೆ ನೋಡಿದೆ. ಅಯ್ಯೋ ದೇವರೇ, ನಾನು ಕೂದಲೆಳೆ ಸಂದಿಲ್ಲದಂತೆ ಸೇರಿಸಿದ್ದ ಎರಡು ತುದಿಗಳ ಮಧ್ಯೆ ಒಂದು ಭತ್ತದ ಕಾಳು ಮಲಗುವಷ್ಟು ಸಂದು!

ಯಾರೋ ಕೈ ಹಾಕಿದ್ದಾರೆ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಬಗ್ಗಿ ಇನ್ನೊಮ್ಮೆ ನೋಡಿದೆ. ಯಾರೂ ಮುಟ್ಟಿರಲಿಲ್ಲ. ಶನಿವಾರ ಆ ದಾರ ಅರ್ಧ ಬೆರಳಿನ ಅಗಲದಷ್ಟು ಸಾಲದೇ ಬಂದಿತ್ತು, ನಾನು ಎಳೆದು ಮುಟ್ಟಿಸಿದ್ದೆ. ಎಳೆದ ರಬ್ಬರು ಎರಡು ರಾತ್ರಿಯಲ್ಲಿ ಮೆಲ್ಲಗೆ ತನ್ನ ಮೊದಲಿನ ಅಳತೆಗೆ ಹಿಂದಿರುಗಿತ್ತು. ಹೀಗೆ ಸಾಲದ ದಾರ, ಆರು ವಾರದ ಹಿಂದೆ ದಾರದ ಹೊಸ ಕಟ್ಟುಗಳು ಬಂದಾಗಿನಿಂದಲೂ ಬರುತ್ತಿತ್ತು, ದಿನಕ್ಕೆ ಎರಡೋ ಮೂರೋ. ನಾವು ನಾಲ್ವರೂ ಎಳೆದು ಸುಧಾರಿಸುತ್ತಿದ್ದೆವು. ಅದನ್ನು ತಪ್ಪೆಂದು ನಾವು ಎಣಿಸಿಯೇ ಇರಲಿಲ್ಲ. ಸಾಲದಿದ್ದರೆ ಎಳೆಯುವುದು ನಮಗೆ ಉಸಿರಾಡಿದ ಹಾಗೆ. ಮುಚ್ಚಳದೊಳಗೆ ನನ್ನ ದಾರ ರಾತ್ರಿಯೆಲ್ಲ ಕುಗ್ಗುತ್ತಿತ್ತು, ಬೆಳಿಗ್ಗೆ ಮಂಜೇಶನ ಬೋಲ್ಟಿಗೆ ಬೈಗುಳ ಬೀಳುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು. ಕಾದ ಸಲಾಕೆ ಹಿಡಿದವರಲ್ಲಿ ನಾನೂ ಒಬ್ಬಳು.

ಪಾಪಮ್ಮ ಬಂದು ಪಕ್ಕದಲ್ಲಿ ನಿಂತಳು. ಅವಳೂ ನಮ್ಮ ಸ್ಟೇಷನ್ನಿನವಳೇ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳಿಗೆ ಸಂದು ತೋರಿಸಿದೆ, ಎಲ್ಲವನ್ನೂ ಹೇಳಿದೆ. ಅವಳು ಒಂದು ಗಳಿಗೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಆಚೀಚೆ ನೋಡಿದಳು.

"ಎಳ್ದು ಸೇರ್ಸ್‌ಬಿಡೇ ಭಾಗ್ಯ. ಯಾರ್ ನೋಡ್ತಾರೆ? ಮೂರೇ ದಿನ. ನಿನ್ ಟೋಪಿ ಬರ್ಲಿ, ಆಮೇಲೆ ಮೆಲ್ಲಗೆ ಸಿಂಧು ಮೇಡಮ್ಮಂಗೆ ಹೇಳುವಂತೆ."

"ಮಂಜೇಶ?"

"ಅವ್ನದ್ದು ತಿಂಗ್ಳ ಕೊನೆ ತಾನೇ? ಇನ್ನೂ ಎಂಟ್ ದಿನ ಐತೆ."

ಮಾತು ಸರಿಯಾಗಿಯೇ ಇತ್ತು. ಮೂರು ದಿನದಲ್ಲಿ ಟೋಪಿ, ನಾಲ್ಕನೇ ದಿನ ನಿಜ. ಯಾರಿಗೂ ನಷ್ಟವಿಲ್ಲ. ನನ್ನ ಬೆರಳು ಆಗಲೇ ದಾರದ ತುದಿಯ ಮೇಲಿತ್ತು. ಲೈನಿನ ಗಂಟೆ ಹೊಡೆಯಿತು, ಪೆಟ್ಟಿಗೆ ಹತ್ತನೇ ಸ್ಟೇಷನ್ನಿನ ಕಡೆ ಮೆಲ್ಲಗೆ ಸರಿಯತೊಡಗಿತು. ಅತ್ತ ಮಂಜೇಶ ಮುಚ್ಚಳ ಹಿಡಿದು ನಿಂತಿದ್ದ. ನನ್ನನ್ನು ನೋಡಿ, ಉಗಿಸಿಕೊಂಡಿದ್ದನ್ನು ಮರೆತವನಂತೆ, "ಅಕ್ಕಾ, ಇವತ್ತು ಚಕ್ಕೋತ ತಂದಿದೀನಿ" ಎಂದ.

ನನಗೆ ಎಲ್ಲಿಲ್ಲದ ಕೋಪ ಬಂತು. ಅವನ ಮೇಲಲ್ಲ. ನನ್ನ ಬೆರಳಿನ ಮೇಲೆ. ಕೈ ಎತ್ತಿ ಹಗ್ಗ ಹಿಡಿದು ಎಳೆದೆ.

ಲೈನು ನಿಂತಿತು. ಇಡೀ ಶೆಡ್ಡು ಗಪ್ಪಾಯಿತು. ಆಮೇಲೆ ರಾಗ ಶುರುವಾಯಿತು. ಮಕ್ಕಳ ಬರ್ತಡೇ ಕಾರ್ಡಿನಿಂದ ಬರುವಂಥ ಕೀಚಲು ರಾಗ. ಎಲ್ಲರೂ ತಲೆಯೆತ್ತಿ, ಇದು ಯಾರದಪ್ಪಾ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಸಿಂಧು ಮೊದಲು ಹನ್ನೆರಡನೇ ಸ್ಟೇಷನ್ನಿಗೆ ಓಡಿದಳು, ಅಲ್ಲಿಂದ ಐದಕ್ಕೆ ಓಡಿದಳು. ಕೊನೆಗೆ ಪಾಪಮ್ಮ ಕೂಗಿ ಕರೆಯಬೇಕಾಯಿತು.

"ಭಾಗ್ಯಕ್ಕಾ, ನೀವಾ? ಕೈ ತಗುಲ್ತಾ?" ಎಂದಳು ಸಿಂಧು, ಏದುಸಿರು ಬಿಡುತ್ತಾ.

"ತಗುಲಿಲ್ಲ ಮೇಡಂ, ಎಳ್ದೆ. ಸೋರ್ತಿರೋದು ನಮ್ಮಿಂದ" ಎಂದೆ. ಮೂಲೆ ತೋರಿಸಿದೆ. ಹೊಸ ಕಟ್ಟಿನಿಂದ ನಾಲ್ಕು ದಾರ ತೆಗೆದು ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿದೆ. ಮೂರು ಸಮ, ಒಂದು ಅರ್ಧ ಬೆರಳು ಗಿಡ್ಡ.

"ಇದು ಎಷ್ಟು ದಿನದಿಂದ ಹೀಗೆ ಬರ್ತಿದೆ?"

"ಆರು ವಾರ."

"ಗಿಡ್ಡ ಬಂದಾಗ ಏನ್ ಮಾಡ್ತಿದ್ರಿ?"

"ಎಳೀತಿದ್ವಿ."

ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು, ಟೋಪಿ ತೆಗೆದು ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ನಾನು ಬಗ್ಗಿ ನೋಡಿದರೆ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು.

"ಅಕ್ಕಾ, ಪರೀಕ್ಷೆ ಯಂತ್ರನೇ ಬಿಚ್ಚಿಸಿದ್ನಲ್ಲಕ್ಕಾ ನಾನು! ಮೊದಲ್ನೇ ದಿನ ನೀವು ಒಂದೇ ಒಂದು ಸಲ ಎಳ್ದಿದ್ರೆ ಅವತ್ತೇ ಗೊತ್ತಾಗ್ತಿತ್ತು."

ನಾನು ತಲೆಯೆತ್ತಿ ಬೋರ್ಡು ನೋಡಿದೆ. ಯಾವ ಅಂಕಿ ನೋಡಿ ನಾನು ಬೀಗುತ್ತಿದ್ದೆನೋ ಆ ಅಂಕಿಯೇ ರೋಗವನ್ನು ಮುಚ್ಚಿಟ್ಟಿತ್ತು. ನೋಡುತ್ತಿದ್ದ ಹಾಗೇ ಬೋರ್ಡಿನ ಮೇಲೆ ತೊಂಬತ್ತೇಳು ಹೋಗಿ ಸೊನ್ನೆ ಬಂತು. ಕೈಗೆ ಬಂದ ಟೋಪಿ ಜಾರಿತು ಎಂದು ಸಂಕಟವಾಯಿತು. ಆದರೆ ಬೆನ್ನಿನ ಮೇಲಿನ ಮೂಟೆ ಇಳಿದಂತೆಯೂ ಆಯಿತು. ಎರಡೂ ನಿಜ.

ಮಂಜೇಶ ಮುಚ್ಚಳ ಹಿಡಿದೇ ನಿಂತಿದ್ದ. ನಾನು ಅವನ ಬಳಿ ಹೋದೆ.

"ನಾಲ್ಕ್ ಜನದ್ ಮುಂದೆ ಉಗ್ದಿದ್ದೆ, ನಾಲ್ಕ್ ಜನದ್ ಮುಂದೇನೇ ಹೇಳ್ತೀನಿ ಕಣೋ. ತಪ್ಪು ನಂದು. ನಿನ್ ಬೋಲ್ಟು ಗಟ್ಟಿಯಾಗೇ ಇತ್ತು."

ಅವನು ತಲೆ ಕೆರೆದುಕೊಂಡ. "ಹಂಗಾದ್ರೆ ನಾನ್ ದಡ್ಡ ಅಲ್ವಾ ಅಕ್ಕಾ?"

"ದಡ್ಡನೇ. ಅದು ಬೇರೆ ವಿಷ್ಯ" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಚಲಪತಿ ಸಾಹೇಬರು ಬಂದರು. ದಾರ ನೋಡಿದರು, ಬೋರ್ಡು ನೋಡಿದರು, ನನ್ನನ್ನು ನೋಡಿದರು. "ಏಮ್ಮಾ ಭಾಗ್ಯಮ್ಮ, ಮೂರೇ ದಿನ ಬಾಕಿ ಇತ್ತಲ್ಲಮ್ಮಾ" ಎಂದರು, ನನಗಿಂತ ಹೆಚ್ಚು ಅವರಿಗೇ ಬೇಜಾರಾದವರಂತೆ. ಗಿಡ್ಡ ದಾರಗಳನ್ನೆಲ್ಲ ಬೇರೆ ಮಾಡಿಸಿ ಸರಬರಾಜುದಾರನಿಗೆ ವಾಪಸು ಕಳಿಸಿದರು. ಮಾರನೇ ದಿನದ ಹನ್ನೆರಡು ಪೆಟ್ಟಿಗೆ ಅದರ ಮಾರನೇ ಬೆಳಿಗ್ಗೆ ಪರೀಕ್ಷೆಗೆ ಹೋದವು. ಒಂದೂ ಸೋರಲಿಲ್ಲ. ಮಂಜೇಶನ ಒಪ್ಪಂದ ಎರಡು ವರ್ಷಕ್ಕೆ ಮುಂದುವರಿಯಿತು. ದಿನ ಎಣಿಸುವ ಬೋರ್ಡುಗಳನ್ನು ಆ ವಾರವೇ ಇಳಿಸಿಬಿಟ್ಟರು.

ಆದರೆ ನೀಲಿ ಟೋಪಿ ಅಂಬರೀಶನಿಗೆ ಹೋಯಿತು. ಆರು ವಾರ ಕಾರು ಸೋರಿಸಿದವಳನ್ನು ಮೆರವಣಿಗೆ ಮಾಡಲು ಆಗುತ್ತದೆಯೇ? ಅಂಬರೀಶ್ ಒಳ್ಳೆಯ ಹುಡುಗ, ಕೆಲಸ ಬಲ್ಲವನು. ಆದರೂ ಅವನು ಆ ಟೋಪಿ ಹಾಕಿಕೊಂಡು ಕ್ಯಾಂಟೀನಿಗೆ ಬಂದಾಗ ನನ್ನ ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು.

ಮನೆಯಲ್ಲಿ ನಡೆದದ್ದು ಬೇರೆ ಕಥೆ. ಲೈನು ನಿಲ್ಲಿಸಿದೆ ಎಂದು ಹೇಳಿದ್ದೇ ತಡ, ಸೊಣ್ಣಮ್ಮ ಎಲೆಯಡಿಕೆ ಉಗಿದು ಶುರು ಮಾಡಿದರು.

"ನಿಲ್ಸಿದ್ಯಾ? ಹತ್ತೊಂಬತ್ತ್ ವರ್ಷ ಕಲ್ಸಿದ್ದೆಲ್ಲ ನೀರಲ್ಲಿ ಹೋಮ ಮಾಡ್ಬಿಟ್ಯಲ್ಲೇ!"

"ನೀವ್ ಕಲ್ಸಿದ್ದಕ್ಕೇ ಸೋರಿದ್ದು" ಎಂದೆ ನಾನೂ ಬಿಡದೆ. "ಸಾಲ್ದಿದ್ರೆ ಎಳಿ ಅಂದೋರ್ ಯಾರು?"

"ನೂಲಿಗ್ ಅಂದಿದ್ದು ಕಣೇ, ರಬ್ಬರ್ರಿಗಲ್ಲ! ನೂಲಾದ್ರೂ ಒದ್ದೆಯಾಗಿದ್ದಾಗ ಬಾಳ ಎಳೀಬಾರ್ದು, ಒಣಗಿದ್ ಮ್ಯಾಲೆ ಪಟ್ ಅಂತ ಕಿತ್ತೋಗ್ತದೆ. ಅದ್ನೂ ಹೇಳಿದ್ದೆ. ಅದ್ ಮಾತ್ರ ಕಿವಿಗೆ ಬೀಳ್ಲಿಲ್ಲ ಮಹಾರಾಣಿಗೆ."

ಹೇಳಿದ್ದರು. ನಿಜವಾಗಿ ಹೇಳಿದ್ದರು. ಸೌಟಿನ ಏಟು ನೆನಪಿತ್ತು, ಈ ಮಾತು ನೆನಪಿರಲಿಲ್ಲ. ಮೂರು ದಿನ ಇಬ್ಬರೂ ಮಾತು ಬಿಟ್ಟೆವು. ನಾಲ್ಕನೇ ದಿನ ಅವರೇ, ಸಾರಿಗೆ ಉಪ್ಪು ಸಾಲದು ಎಂದು ಮಾತು ಶುರು ಮಾಡಿದರು.

ಆರುನೂರನೇ ಟ್ಯಾಕ್ಸಿ ಆಯುಧ ಪೂಜೆಯ ಹಿಂದಿನ ದಿನ ಮುಗಿಯಿತು. ಪೂಜೆಯ ದಿನ ಎಲ್ಲರ ಮನೆಯವರನ್ನೂ ಫ್ಯಾಕ್ಟರಿಗೆ ಕರೆದಿದ್ದರು. ಕಾರುಗಳಿಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಎಲ್ಲರ ಕೈಯಲ್ಲಿ ಪುರಿ ಕಡಲೆಯ ಪೊಟ್ಟಣ. ಮನೆಯವರು ನೋಡಲಿ ಎಂದು ಲೈನನ್ನು ಒಂದು ಗಂಟೆ ನಿಧಾನವಾಗಿ ಓಡಿಸಿದರು. ಸೊಣ್ಣಮ್ಮ ಜರಿಯಂಚಿನ ಸೀರೆಯುಟ್ಟು, ಕೋಲೂರಿಕೊಂಡು ಬಂದಿದ್ದರು. ನಮ್ಮ ಸ್ಟೇಷನ್ನಿನ ಪಕ್ಕ ಕುರ್ಚಿ ಹಾಕಿ ಕೂರಿಸಿದೆ. ಇಷ್ಟೇನಾ ನಿನ್ನ ಕೆಲಸ ಎಂಬ ಮುಖ ಮಾಡಿಕೊಂಡು ಕುಳಿತರು.

ಪಾಪಮ್ಮ ದಾರ ಕೂರಿಸುತ್ತಿದ್ದಳು. ನಾನು ಅಂಟಿನ ಡಬ್ಬಿ ತರಲು ಹಿಂದೆ ತಿರುಗಿದ್ದೆ. ಇದ್ದಕ್ಕಿದ್ದಂತೆ ಲೈನು ನಿಂತಿತು. ಬರ್ತಡೇ ಕಾರ್ಡಿನ ಕೀಚಲು ರಾಗ ಶುರುವಾಯಿತು.

ತಿರುಗಿ ನೋಡಿದರೆ, ಸೊಣ್ಣಮ್ಮ ಎದ್ದು ನಿಂತಿದ್ದಾರೆ. ಕೋಲಿನ ಡೊಂಕು ಹಿಡಿ ಹಳದಿ ಹಗ್ಗಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಜಗ್ಗಿ ಹಿಡಿದಿದ್ದಾರೆ.

"ಅತ್ತೇ! ಏನ್ ಮಾಡ್ತಿದೀರಾ?"

"ತಿರುಚ್ಕೊಂಡೈತೆ" ಎಂದರು, ಗದ್ದದಿಂದ ಪೆಟ್ಟಿಗೆಯ ಆಚೆ ಮೂಲೆ ತೋರಿಸುತ್ತಾ. "ಕಣ್ ಕಾಣಲ್ವಾ ನಿಮ್ಗೆಲ್ಲ? ದಾರ ಅಲ್ಲಿ ಮಗ್ಗುಲಾಗಿ ಮಲಗೈತೆ. ಇಂಥ ಕೆಲ್ಸ ಮುಂದಕ್ ಕಳಿಸ್ತೀರಾ?"

ಸಿಂಧು ಓಡಿ ಬಂದಳು. ಈ ಸಲ ನೇರವಾಗಿ ನಮ್ಮ ಕಡೆಗೇ. ಬಗ್ಗಿ ನೋಡಿದಳು. ನಾನೂ ನೋಡಿದೆ. ಆಚೆ ಮೂಲೆಯಲ್ಲಿ ಒಂದು ಗೇಣಿನಷ್ಟು ದಾರ ನಿಜಕ್ಕೂ ತಿರುಚಿಕೊಂಡಿತ್ತು. ನನ್ನ ಕಣ್ಣಿಗೂ ಪಾಪಮ್ಮನ ಕಣ್ಣಿಗೂ ಬೀಳದೇ ಹೋದದ್ದು ಎಪ್ಪತ್ತೆಂಟರ ಮುದುಕಿಗೆ ಕುರ್ಚಿಯಿಂದಲೇ ಕಂಡಿತ್ತು. ಮುನ್ನೂರು ಮನೆಯವರು ಒಟ್ಟಿಗೆ ಚಪ್ಪಾಳೆ ತಟ್ಟಿದರು. ಚಲಪತಿ ಸಾಹೇಬರಿಗೆ ಎಷ್ಟು ಖುಷಿಯಾಯಿತೆಂದರೆ, ಕಚೇರಿಯಿಂದ ಹೊಚ್ಚ ಹೊಸ ನೀಲಿ ಟೋಪಿ ತರಿಸಿ ಅತ್ತೆಯ ತುರುಬಿನ ಮೇಲೆ ತಾವೇ ಇಟ್ಟರು.

"ಅವ್ವಾ, ಲೀಡರ್ ಅಂದ್ರೆ ನೀವೇ ಅವ್ವಾ" ಎಂದರು.

ನಾನು ತೊಂಬತ್ತೇಳು ದಿನ ಕಾದ ಟೋಪಿ ಮುದುಕಿಗೆ ಅರ್ಧ ಗಂಟೆಯಲ್ಲಿ ಸಿಕ್ಕಿತು! ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡು ಕಾಲವೂ ಅತ್ತೆಯದೇ. ಮಂಜೇಶ ಫೋಟೋ ತೆಗೆದ. ಅಂಬರೀಶ್ ಪಕ್ಕಕ್ಕೆ ನಿಂತು ಇನ್ನೊಂದು ತೆಗೆಸಿಕೊಂಡ. ನಾನು ಅಂಟಿನ ಡಬ್ಬಿ ಹಿಡಿದು ಹಿಂದೆ ನಿಂತಿದ್ದೆ.

ಸಂಜೆ ಕಂಪನಿಯ ಬಸ್ಸಿನಲ್ಲಿ ಅತ್ತೆಗೆ ಕಿಟಕಿಯ ಪಕ್ಕ ಜಾಗ ಕೊಟ್ಟೆ. ಟೋಪಿ ತೆಗೆಯಲಿಲ್ಲ. ದೇವನಹಳ್ಳಿ ಬರುವ ತನಕ ಹಾಗೇ ಕುಳಿತಿದ್ದರು, ಹೊರಗೆ ನೋಡುತ್ತಾ. ನಮ್ಮ ಟ್ಯಾಕ್ಸಿ ಒಂದು ಹಾರ ಹಾಕಿಕೊಂಡೇ ಸದ್ದಿಲ್ಲದೆ ಬಸ್ಸನ್ನು ದಾಟಿ ಹೋಯಿತು.

"ಅದು ನಿಮ್ದಾ?"

"ಹೂಂ. ನಮ್ದೇ."

"ಸೋರಲ್ವಾ?"

"ಸೋರಲ್ಲ ಅತ್ತೆ."

ಆಮೇಲೆ, ನನ್ನ ಮುಖ ನೋಡದೆ, ಹೊರಗೇ ನೋಡುತ್ತಾ ಹೇಳಿದರು.

"ಒಂದ್ ಸಲ ನಾನೂ ನಿಲ್ಸಿದ್ದೆ ಕಣೇ. ರಾಟೇನ. ನೀನ್ ಬರೋಕ್ ಮುಂಚೆ. ನಿಮ್ಮಾವ ಇರ್ಲಿಲ್ಲ ಮನೇಲಿ. ಎಳೆ ಸರಿ ಬರ್ತಿರ್ಲಿಲ್ಲ, ನಿಲ್ಸಿ, ಗೂಡೆಲ್ಲ ತೆಗ್ದು ಚೆಲ್ಲಿ, ಹೊಸ ನೀರ್ ಇಟ್ಟೆ. ಯಾರ್ಗೂ ಹೇಳ್ಲಿಲ್ಲ."

"ಮತ್ತೆ ನನ್ ಗೆಣ್ಣಿಗ್ ಹೊಡುದ್ರಲ್ಲ?"

"ಹೆದ್ರಿಕೆ ಆಗೋಗಿತ್ತು. ನಿನ್ಗೂ ನಿಲ್ಸೋಕ್ ಗೊತ್ತಾಗ್ಬಿಟ್ರೆ ದಿನಾ ನಿಲ್ಸ್ತೀಯ ಅಂತ." ಟೋಪಿ ತೆಗೆದರು, ಒಳಗೆ ಒಮ್ಮೆ ಊದಿದರು, ನನ್ನ ತಲೆಯ ಮೇಲೆ ಇಟ್ಟು ಎರಡೂ ಕಡೆ ಎಳೆದು ಕೂರಿಸಿದರು. "ತಗೋ, ನೀನೇ ಹಾಕ್ಕೊ. ನಂಗ್ ಬಿಗಿ ಆಗ್ತದೆ."

ಬಿಗಿ ಏನೂ ಆಗಿರಲಿಲ್ಲ. ಅವರ ತಲೆ ನನ್ನದಕ್ಕಿಂತ ಚಿಕ್ಕದು. ನಾನು ಗೆಣ್ಣು ಉಜ್ಜಿಕೊಳ್ಳುತ್ತಾ ಕುಳಿತೆ. ಹಿಂದಿನ ಸೀಟಿನಿಂದ ಪಾಪಮ್ಮ ಬಗ್ಗಿ ನೋಡಿ ಏನೋ ಚುಡಾಯಿಸಿದಳು. ವಿಜಯಪುರದ ಬಸ್ ನಿಲ್ದಾಣ ಬರುವವರೆಗೂ ನಾನು ಟೋಪಿ ತೆಗೆಯಲಿಲ್ಲ.